ಬದಿಯಿಂದ ಬಂದದ್ದು

ಮನೆ, ಅಡುಗೆಕೋಣೆಯ ಕಿಟಕಿಯ ಪಕ್ಕ
ಭಾನುವಾರ, ನವೆಂಬರ್ ೮

ಪ್ರೀತಿಯ ಬ್ರೆಡ್ ಮಾಮನಿಗೆ,

ಮೊದಲು ಕಣ್ಣಿನ ವಿಚಾರ ಹೇಳಿ. ಪೊರೆ ತೆಗೆಸಿದ ಎಡಗಣ್ಣು ಈಗ ಸರಿಯಾಗಿ ಕಾಣುತ್ತಿದೆಯೇ? ಬಲಗಣ್ಣಿನ ಆಪರೇಷನ್ನಿಗೆ ಡಾಕ್ಟರು ದಿನ ಕೊಟ್ಟರೇ, ಅಥವಾ ‘ಒಂದು ಕಣ್ಣು ಸಾಕು ಬಿಡಿ, ಇನ್ನು ನೋಡೋದಾದ್ರೂ ಏನಿದೆ’ ಎಂದು ನೀವೇ ಎದ್ದು ಬಂದಿರೇ? ಹನಿ ಹಾಕಿಕೊಳ್ಳುವುದನ್ನು ಮರೆಯುವುದಿಲ್ಲವೆಂದು ನೀವು ಆಣೆ ಮಾಡಿದರೂ ನಾನು ನಂಬುವುದಿಲ್ಲ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿ, ಕೊನೆಗೆ ಅಮ್ಮನ ಮೇಲೆ ಕೂಗಾಡಿದವರಲ್ಲವೇ ನೀವು? ಉಬ್ಬಸ ಹೇಗಿದೆ? ಅಲ್ಲಿ ಚಳಿ ಹೆಚ್ಚಂತೆ, ಕಿಟಕಿ ಮುಚ್ಚಿ ಮಲಗಿ. ಅತ್ತೆಯ ಬೆಕ್ಕು ನಿಮ್ಮ ಹಾಸಿಗೆಯ ಮೇಲೆಯೇ ಮಲಗುತ್ತದೆ ಎಂದು ಕೇಳಿದೆ. ಅರ್ಧ ಆಯುಷ್ಯ ಹಿಟ್ಟಿನ ಧೂಳು ಕುಡಿದ ಎದೆಗೆ ಬೆಕ್ಕಿನ ಕೂದಲೊಂದು ಬಾಕಿ ಇತ್ತು ನೋಡಿ. ನಿಮ್ಮಕ್ಕನಿಗೆ ಹೇಳಿ ಅದನ್ನು ಆಚೆ ಮಲಗಿಸಿ. ಸಂಕೋಚವಾದರೆ ನಾನು ಹೇಳಿದೆನೆಂದು ಹೇಳಿ, ಅತ್ತೆಯ ಲೆಕ್ಕದಲ್ಲಿ ನಾನು ಮೊದಲಿನಿಂದಲೂ ಬಾಯಾಳಿಯೇ.

ನಾನು ಚೆನ್ನಾಗಿದ್ದೇನೆ. ಏಳು ತಿಂಗಳು ಕಳೆದು ಎಂಟು ನಡೆಯುತ್ತಿದೆ. ಕುರ್ಚಿಯಿಂದ ಏಳಬೇಕಾದರೆ ಮೊದಲು ಮೇಜಿನ ಜೊತೆ ಒಪ್ಪಂದ ಮಾಡಿಕೊಳ್ಳಬೇಕು, ಅಷ್ಟೇ ತೊಂದರೆ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲವೆಂದು ಕಾಗದ ಬರೆಯುತ್ತಿದ್ದೇನೆ. ನಿಮ್ಮ ಫೋನು ನನಗೆ ಗೊತ್ತಿಲ್ಲವೇ? ‘ಹ್ಞಾಂ, ಆಯ್ತು, ಸರಿ ಸರಿ, ಇಡ್ತೀನಿ.’ ಎಲ್ಲಿ ಮಾತು ಗಂಟಲಿಗೆ ಬರುತ್ತದೋ ಅಲ್ಲಿಗೆ ನಿಮ್ಮ ಹೆಬ್ಬೆರಳು ಕೆಂಪು ಗುಂಡಿಯ ಮೇಲಿರುತ್ತದೆ. ಬುಧವಾರ ನಿಮ್ಮ ಲಕೋಟೆ ಬಂತು. ಬ್ರೆಡ್ ಸುತ್ತುವ ಮೇಣದ ಕಾಗದದಲ್ಲಿ ಮಡಿಸಿಟ್ಟ ಕೀಲಿಯೂ ಸಿಕ್ಕಿತು, ಜೊತೆಗಿದ್ದ ಚೀಟಿಯೂ ಸಿಕ್ಕಿತು. ‘ಮಗು ಬರ್ತಾ ಇದೆ, ರೂಮು ಬೇಕಾಗುತ್ತೆ. ಮನೆ ನಿಮ್ಮಪ್ಪನದು, ನಿಂದು. ಬದಿಯಿಂದ ಬಂದವನು ಬದಿಗೆ ಸರೀಬೇಕು. ಕೀಲಿ ಇಟ್ಕೋ.’ ಇಷ್ಟೇ. ಅಮ್ಮ ಹೋದ ಮೇಲೆ ‘ನಾಲ್ಕು ದಿನ ಅಕ್ಕನ ಮನೇಲಿದ್ದು ಬರ್ತೀನಿ’ ಎಂದು ಒಂದು ಚೀಲ ಹಿಡಿದು ಹೋದವರು ನೀವು. ಆ ನಾಲ್ಕು ದಿನಕ್ಕೆ ಈಗ ವರ್ಷವಾಗುತ್ತ ಬಂತು. ಚೀಟಿ ಓದಿ ನಾನು ಅತ್ತುಬಿಟ್ಟೆ, ಮಾಮ. ಸುಳ್ಳು ಹೇಳುವುದಿಲ್ಲ, ಆಮೇಲೆ ಸಿಟ್ಟೂ ಬಂತು. ಕೀಲಿಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ‘ಬದಿಯಿಂದ ಬಂದವನು’ ಎಂಬ ಆ ಮಾತಿನ ಜೊತೆ ನನಗೊಂದು ಜಗಳವಿದೆ. ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸವೇ ಬದಿಯಿಂದ ಬಂದವುಗಳ ಬಗ್ಗೆ ಎಂಬುದನ್ನು ನೀವು ಮರೆತಂತಿದೆ.

ನೀವು ನಮ್ಮ ಮನೆಗೆ ಬರುವ ಮೊದಲು ನಾನು ನಿಮ್ಮ ಅಂಗಡಿಗೆ ಬರುತ್ತಿದ್ದೆ, ನೆನಪಿದೆಯೇ? ಬೀದಿಯ ಮೂಲೆಯ ಬೇಕರಿ. ಮುಂದೆ ಗಾಜಿನ ಕಪಾಟು, ಹಿಂದೆ ಇಟ್ಟಿಗೆಯ ಒಲೆ, ನಡುವೆ ಸೊಂಟದವರೆಗೆ ಬೆಳ್ಳಗಾದ ನೀವು. ಅಮ್ಮ ಎದುರಿನ ಮಹಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅಪ್ಪ ತೀರಿಹೋಗಿ ಮೂರು ವರ್ಷವಾಗಿತ್ತು. ಶಾಲೆ ಬಿಟ್ಟಮೇಲೆ ಅವಳ ಮೆಷಿನ್ನಿನ ಸದ್ದು ನಿಲ್ಲುವ ತನಕ ನಾನು ನಿಮ್ಮ ಸಕ್ಕರೆ ಮೂಟೆಯ ಮೇಲೆ ಕೂತಿರುತ್ತಿದ್ದೆ. ಕೂತವಳು ಸುಮ್ಮನೆ ಇರುತ್ತಿದ್ದೆನೇ? ಮೂಟೆಯ ಹೊಲಿಗೆಯಲ್ಲಿ ಬೆರಳು ತೂರಿಸಿ ನೆಕ್ಕುತ್ತಿದ್ದೆ. ನೀವು ನೋಡಿಯೂ ನೋಡದವರ ಹಾಗೆ, ‘ಈ ಸಲ ಮೂಟೆಗೆ ಭಾರಿ ದೊಡ್ಡ ಇರುವೆ ಹತ್ತಿದೆಯಪ್ಪಾ’ ಎಂದು ಒಲೆಗೆ ಹೇಳುತ್ತಿದ್ದಿರಿ. ಅಂದಿನಿಂದ ನಾನು ಇರುವೆ. ಡಾಕ್ಟರೇಟ್ ಸಿಕ್ಕಿದ ದಿನ ಇಡೀ ಬೀದಿಗೆ ಕೇಳುವಂತೆ ‘ನಮ್ಮ ಇರುವೆ ಡಾಕ್ಟರ್ ಆಯ್ತು’ ಎಂದು ಕೂಗಿ ನನ್ನ ಮಾನ ಕಳೆದವರೂ ನೀವೇ.

ಅಮ್ಮನನ್ನು ಮದುವೆಯಾಗಿ ಮನೆಗೆ ಬಂದ ದಿನ ನನ್ನ ಎದುರು ಮಂಡಿಯೂರಿ ಕೂತು ನೀವು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. ‘ನೋಡು ಇರುವೆ, ಅಪ್ಪ ಅನ್ನೋ ಹೆಸರಿಗೆ ನಿಂಗೆ ಒಬ್ರಿದ್ದಾರೆ. ಅದು ಅವರಿಗೇ ಇರ್ಲಿ. ನಂಗೆ ಬೇರೆ ಏನಾದ್ರೂ ಹೆಸರಿಡು.’ ಎಂಟು ವರ್ಷದವಳಿಗೆ ಇನ್ನೇನು ಹೊಳೆಯಬೇಕು? ಬ್ರೆಡ್ ಮಾಮ ಎಂದೆ. ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮೊಳೆಗೆ ಅಪ್ಪನ ಸೀಟಿ ತೂಗುತ್ತಿತ್ತು. ರೈಲಿನ ಗಾರ್ಡ್ ಆಗಿದ್ದವರ ಸೀಟಿ, ದಾರ ಕೂಡ ಬದಲಾಗಿರಲಿಲ್ಲ. ನೀವು ಅದನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಗೇಣು ಜಾಗ ಬಿಟ್ಟು ಇನ್ನೊಂದು ಮೊಳೆ ಹೊಡೆದು ನಿಮ್ಮ ಕೀಲಿಗೊಂಚಲು ನೇತುಹಾಕಿದಿರಿ. ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಹೊಡೆಯುವಾಗ ಸೀಟಿಯನ್ನು ಇಳಿಸಿ, ಒರೆಸಿ, ಮತ್ತೆ ಅದೇ ಮೊಳೆಗೆ ಹಾಕುತ್ತಿದ್ದವರು ನೀವೇ ಹೊರತು ನಾನಾಗಲಿ ಅಮ್ಮನಾಗಲಿ ಅಲ್ಲ. ಈಗ ನಿಮ್ಮ ಮೊಳೆ ಖಾಲಿ ಇದೆ. ನಿಮ್ಮ ಅಳಿಯ ಒಂದು ದಿನ ಅದಕ್ಕೆ ಕೊಡೆ ನೇತುಹಾಕಲು ಹೋಗಿ ನನ್ನಿಂದ ಬೈಸಿಕೊಂಡರು.

ನನ್ನ ಈ ಬೂಷ್ಟಿನ ಹುಚ್ಚು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ನಿಮ್ಮ ಹೆಸರೇ ಹೇಳುವುದು. ಮಳೆಗಾಲದಲ್ಲಿ ಮಾರಾಟವಾಗದೆ ಉಳಿದ ಬ್ರೆಡ್ಡನ್ನು ಗಾಜಿನ ಭರಣಿಗೆ ಹಾಕಿ, ‘ತಗೋ, ನಿನ್ನ ತೋಟ’ ಎಂದು ಕೊಡುತ್ತಿದ್ದಿರಿ. ಹಸಿರು, ಬೂದಿ, ಕಪ್ಪು, ಒಮ್ಮೊಮ್ಮೆ ಗುಲಾಬಿ. ಅಮ್ಮ ಸೂಜಿಗೆ ದಾರ ಪೋಣಿಸಲು ಇಟ್ಟುಕೊಂಡಿದ್ದ ಭೂತಗನ್ನಡಿಯಲ್ಲಿ ನಾನು ಗಂಟೆಗಟ್ಟಲೆ ನೋಡುತ್ತಿದ್ದೆ. ಇದು ಯಾಕೆ ಹುಟ್ಟುತ್ತದೆ ಎಂದು ಕೇಳಿದರೆ, ‘ಅಂಗಡಿಯವನು ಸೋಮಾರಿಯಾದ್ರೆ ಹುಟ್ಟುತ್ತೆ’ ಎಂದು ಧೈರ್ಯವಾಗಿ ಹೇಳಿದಿರಿ. ಆ ವಿಜ್ಞಾನವನ್ನು ಶಾಲೆಯ ಪರೀಕ್ಷೆಯಲ್ಲಿ ಬರೆದು ಸೊನ್ನೆ ತಂದಿದ್ದೇನೆ. ಮುಂದೆ ನಾನು ಗೋಧಿಯ ಎಲೆಗೆ ರೋಗ ತರುವ ಶಿಲೀಂಧ್ರಗಳನ್ನು ಓದಲು ಹೊರಟಾಗ ನೀವು ಮೂಗಿನ ಮೇಲೆ ಬೆರಳಿಟ್ಟಿರಿ. ‘ನಾನು ಗೋಧಿಯಿಂದ ಬದುಕಿದೆ, ನೀನು ಗೋಧಿ ಶತ್ರು ಸಾಕ್ಕೊಂಡು ಬದುಕ್ತೀಯಾ?’ ಆಮೇಲೆ ಊರಿಗೆಲ್ಲ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದಿರಂತೆ.

ಈಗ ಆ ಶತ್ರುವಿನ ಸುದ್ದಿ. ಹೋದ ವರ್ಷ ಅಮ್ಮನ ಹಾಸಿಗೆಯ ಪಕ್ಕ ಕೂತು ನಿಮಗೆ ಅರ್ಧ ಹೇಳಿದ್ದೆ, ಉಳಿದರ್ಧ ಈಗ ಕೇಳಿ. ನಮ್ಮಲ್ಲಿ ಎರಡು ಶಿಲೀಂಧ್ರಗಳಿವೆ. ಒಂದು ಎಲೆಯ ಮೇಲೆ ಹಳದಿ ಚುಕ್ಕೆ ಮಾಡುತ್ತದೆ, ಇನ್ನೊಂದು ಕಂದು ಮಚ್ಚೆ ಮಾಡುತ್ತದೆ. ಲ್ಯಾಬಿನಲ್ಲಿ ನಾವು ಹಳದಿ, ಕಂದು ಎಂದೇ ಕರೆಯುವುದು. ಇಬ್ಬರೂ ಒಂದೇ ಗೋಧಿ ಹೊಲದಲ್ಲಿರುತ್ತಾರೆ, ಒಂದೇ ಎಲೆಯ ಮೇಲೂ ಇರುತ್ತಾರೆ, ಆದರೆ ರಕ್ತಸಂಬಂಧವೇನೂ ಇಲ್ಲ. ಬಹಳ ದೂರದ ಕುಲಗಳು. ಹಳದಿಯ ಹತ್ತಿರ ಗೋಧಿಯನ್ನು ಕೊಲ್ಲುವ ವಿಷವೊಂದನ್ನು ತಯಾರಿಸುವ ಜೀನ್ ಇದೆ. ಜೀನ್ ಎಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಇಳಿದು ಬರುವ ಗುಣದ ಬರಹ, ನಿಮಗೆ ಗೊತ್ತೇ ಇದೆ. ಹಾಗಾದರೆ ಹಳದಿಯ ಅಣ್ಣತಮ್ಮಂದಿರಲ್ಲೂ ಅದು ಇರಬೇಕಲ್ಲ? ಇಲ್ಲ. ಚಿಕ್ಕಪ್ಪ ದೊಡ್ಡಪ್ಪಂದಿರ ಕಡೆಯೂ ಇಲ್ಲ. ಇಡೀ ವಂಶದಲ್ಲಿ ಯಾರಿಗೂ ಇಲ್ಲದ್ದು ಇದೊಂದಕ್ಕೇ ಇದೆ. ಇನ್ನು ಯಾರಲ್ಲಿದೆ ಎಂದು ಹುಡುಕಿದರೆ, ಸಂಬಂಧವೇ ಇಲ್ಲದ ಕಂದುವಿನಲ್ಲಿ ಹೆಚ್ಚುಕಡಿಮೆ ಅಚ್ಚೊತ್ತಿದ ಹಾಗೆ ಸಿಕ್ಕಿತು.

ಇದನ್ನು ತೆಗೆದುಕೊಂಡು ಹೋಗಿ ನಮ್ಮ ಲ್ಯಾಬಿನ ಮುಖ್ಯಸ್ಥೆಗೆ ತೋರಿಸಿದೆ. ಅವರನ್ನು ನಾವೆಲ್ಲ ಹಿಂದಿನಿಂದ ಜರಡಿ ಮೇಡಂ ಎನ್ನುತ್ತೇವೆ, ಯಾವ ಮಾತನ್ನೂ ಸೋಸದೆ ಒಳಗೆ ಬಿಡುವುದಿಲ್ಲ. ಅವರು ಕನ್ನಡಕದ ಮೇಲಿಂದ ನೋಡಿ ಒಂದೇ ಮಾತು ಕೇಳಿದರು. ‘ಬೆರಕೆ ಆಗಿರ್ಬೇಕು. ನೀನು ಮನೇಲಿ ಬ್ರೆಡ್ ಮಾಡ್ತೀಯಲ್ಲ?’ ಹಳೆಯ ಕೇಸು, ಮಾಮ. ಹಿಂದೊಮ್ಮೆ ಭಾನುವಾರ ಹಿಟ್ಟು ನಾದಿ ಸೋಮವಾರ ಕೆಲಸಕ್ಕೆ ಹೋಗಿ, ನನ್ನ ಗಾಜಿನ ತಟ್ಟೆಗಳಲ್ಲೆಲ್ಲ ಶಿಲೀಂಧ್ರದ ಬದಲು ಬ್ರೆಡ್ಡಿನ ಯೀಸ್ಟು ಬೆಳೆದು ಇಡೀ ಕೋಣೆ ಬೇಕರಿಯ ಹಾಗೆ ಘಮಘಮಿಸಿತ್ತು. ಎಲ್ಲರೂ ಬೆಣ್ಣೆ ಎಲ್ಲಿ ಎಂದು ಕೇಳಿದ್ದರು. ಈ ಸಲ ಬೆರಕೆ ಅಂದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ನನ್ನ ಉಗುರು ನೋಡಿಕೊಂಡೆ. ಆದರೆ ಮೇಡಂ ಹೇಳಿದ್ದು ನ್ಯಾಯವೇ. ಒಂದರ ತಟ್ಟೆಯಲ್ಲಿ ಇನ್ನೊಂದರ ಚೂರು ಬಿದ್ದಿದ್ದರೆ ಎರಡರ ಜೀನೂ ಸಿಗುತ್ತದೆ. ಹಾಗಾಗಿ ಮತ್ತೆ ಮೊದಲಿನಿಂದ ಹೊರಟೆ. ಒಂದೇ ಒಂದು ಬೀಜಕಣವನ್ನು ಸೂಜಿಯ ತುದಿಯಲ್ಲಿ ಎತ್ತಿ, ಅದೊಂದನ್ನೇ ಹೊಸ ತಟ್ಟೆಯಲ್ಲಿಟ್ಟು ಬೆಳೆಸುವುದು. ಒಂಟಿ ಕಣದಿಂದ ಬೆಳೆದದ್ದರಲ್ಲಿ ಬೆರಕೆಗೆ ಜಾಗವೆಲ್ಲಿ? ಆ ತಿಂಗಳುಗಳಲ್ಲಿ ನಾನು ಮನೆಯಲ್ಲಿ ಬ್ರೆಡ್ ಮಾಡಲಿಲ್ಲ. ಬ್ರೆಡ್ ಉಬ್ಬಿಸುವ ನಿಮ್ಮ ಹುಳಿ ಹಿಟ್ಟಿನ ಭರಣಿಯನ್ನು ಪಕ್ಕದ ಮನೆಯ ನರ್ಸಮ್ಮನಿಗೆ ಕೊಟ್ಟಿದ್ದೆ. ಗಾಬರಿ ಬೀಳಬೇಡಿ, ಹೊತ್ತುಹೊತ್ತಿಗೆ ಹಿಟ್ಟು ನೀರು ಕೊಟ್ಟು ಮಗುವಿನ ಹಾಗೆ ಸಾಕಿ ವಾಪಸು ಕೊಟ್ಟಿದ್ದಾರೆ.

ಬೆಳೆದ ಮೇಲೆ ನೋಡಿದರೆ ಆ ಜೀನ್ ಅಲ್ಲೇ ಇತ್ತು. ಎಲ್ಲೋ ತೇಲುತ್ತ ಇರಲಿಲ್ಲ. ಅದರ ಎಡಕ್ಕೂ ಹಳದಿಯದೇ ಸ್ವಂತ ಬರಹ, ಬಲಕ್ಕೂ ಹಳದಿಯದೇ ಸ್ವಂತ ಬರಹ, ನಡುವೆ ಈ ಪರಕೀಯ, ಮನೆಯವರ ನಡುವೆ ಊಟಕ್ಕೆ ಕೂತವರ ಹಾಗೆ. ಇನ್ನೊಂದು ಸಂಗತಿ ಕೇಳಿ. ಕಂದುವಿನ ಕಡೆ ಈ ಜೀನಿನಲ್ಲಿ ಬಗೆಬಗೆಯ ಸಣ್ಣ ವ್ಯತ್ಯಾಸಗಳಿವೆ, ಅಂದರೆ ಅದು ಅಲ್ಲಿ ಬಹಳ ಕಾಲದಿಂದ ಇದೆ. ಹಳದಿಯ ಕಡೆ, ದೂರದೂರದ ಹೊಲಗಳಿಂದ ತರಿಸಿದ್ದರಲ್ಲೂ, ಒಂದೇ ನಮೂನೆ, ಈಚೆಗೆ ಬಂದ ಹೊಸಬನ ಗುರುತು. ಅಂದರೆ ಯಾವುದೋ ಕಾಲದಲ್ಲಿ, ಯಾವುದೋ ಒಂದು ಎಲೆಯ ಮೇಲೆ, ಎರಡರ ಎಳೆಗಳು ಪಕ್ಕಪಕ್ಕದಲ್ಲಿ ಬೆಳೆದು ತಾಗಿರಬೇಕು, ಕಂದುವಿನ ಒಂದು ತುಂಡು ಹಳದಿಗೆ ದಾಟಿರಬೇಕು. ಹೇಗೆ ದಾಟಿತು ಎಂದು ಯಾರೂ ಕಣ್ಣಾರೆ ಕಂಡವರಿಲ್ಲ. ದಾಟಿದೆ ಎನ್ನುವುದಕ್ಕೆ ಮಾತ್ರ ಗುರುತು ಉಳಿದಿದೆ. ಜರಡಿ ಮೇಡಂ ಎಲ್ಲವನ್ನೂ ಎರಡೆರಡು ಸಲ ಸೋಸಿ ಹೋದ ವಾರ ‘ಸರಿ, ನಿಂದೇ ಸರಿ’ ಎಂದರು. ಅವರ ಬಾಯಲ್ಲಿ ಆ ಮಾತು ಬರುವುದೆಂದರೆ ನಿಮ್ಮ ಒಲೆ ತಾನೇ ಎದ್ದು ಬಂದು ಬ್ರೆಡ್ ಚೆನ್ನಾಗಿದೆ ಎಂದ ಹಾಗೆ.

ಇದನ್ನು ಮನೆಗೆ ಬಂದು ನಿಮ್ಮ ಅಳಿಯನಿಗೆ ಹೇಳಿದೆ. ಲಿಫ್ಟ್ ರಿಪೇರಿಯವರ ತಲೆ ಲಿಫ್ಟಿನ ಹಾಗೇ ಓಡುತ್ತದೆ. ‘ಲಿಫ್ಟು ಮೇಲಿಂದ ಕೆಳಕ್ಕೆ ಬರೋದು ಗೊತ್ತು. ಗೋಡೆ ದಾಟಿ ಪಕ್ಕದ ಮನೆಗೆ ಹೋಗೋ ಲಿಫ್ಟು ನಾನೆಲ್ಲೂ ನೋಡಿಲ್ಲ’ ಎಂದರು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಹೇಳಿಕೊಂಡೇ ಬೆಳೆದವರು ನಾವು. ಆದರೆ ಸಹವಾಸದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆಯೂ ನಮ್ಮದೇ ಅಲ್ಲವೇ? ನೀವು ಮಾತ್ರ ಅಂದು ಅಮ್ಮನ ಹಾಸಿಗೆಯ ಪಕ್ಕ ಅರ್ಧ ಕೇಳಿ, ಬೇರೆ ಯಾರೂ ಕೇಳದ ಪ್ರಶ್ನೆ ಕೇಳಿದಿರಿ. ‘ಕದ್ದಿದ್ದಾ, ಕೊಟ್ಟಿದ್ದಾ?’ ಅಮ್ಮ ಅಷ್ಟು ನೋವಿನಲ್ಲೂ ನಕ್ಕಳು. ‘ಶಿಲೀಂಧ್ರಕ್ಕೂ ನ್ಯಾಯ ಪಂಚಾಯಿತಿ ಮಾಡ್ತೀರಾ?’ ಎಂದಳು. ಅದು ಅವಳು ಕೊನೆಯ ಸಲ ಮನಸಾರೆ ನಕ್ಕದ್ದು.

ಇನ್ನು ಆಸ್ಪತ್ರೆಯಲ್ಲಿ ನಡೆದದ್ದು ಹೇಳಬೇಕು, ನಗಬೇಡಿ. ಹೋದ ತಿಂಗಳು ಡಾಕ್ಟರಮ್ಮ ಹೊಟ್ಟೆ ಪರೀಕ್ಷಿಸುತ್ತ ಮಾಮೂಲಿ ಪ್ರಶ್ನೆಗಳನ್ನು ಕೇಳಿದರು. ನಿಮ್ಮ ಮನೆತನದಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ, ಹೃದಯದ ತೊಂದರೆ ಇದೆಯೇ, ಉಬ್ಬಸ ಇದೆಯೇ. ಉಬ್ಬಸ ಎಂದ ಕೂಡಲೇ ನಾನು ತಡೆಯಿಲ್ಲದೆ ಹೇಳಿದೆ, ‘ಇದೆ ಡಾಕ್ಟ್ರೇ, ನಮ್ಮಪ್ಪಂಗೆ ಜಾಸ್ತಿ ಇದೆ. ಚಳಿಗಾಲದಲ್ಲಿ ಮಲಗೋಕೇ ಆಗಲ್ಲ. ಮಗುಗೂ ಬರಬಹುದಾ?’ ಡಾಕ್ಟರಮ್ಮ ಗಂಭೀರವಾಗಿ ತಲೆಯಾಡಿಸಿ, ಎಷ್ಟು ವರ್ಷದಿಂದ, ಯಾವ ಔಷಧಿ ಎಂದೆಲ್ಲ ಕೇಳಿದರು. ನಾನು ನಿಮ್ಮ ಪಂಪಿನ ಬಣ್ಣದವರೆಗೂ ಹೇಳಿದೆ. ಪಕ್ಕದಲ್ಲಿ ಕೂತಿದ್ದ ನಿಮ್ಮ ಅಳಿಯನ ಭುಜ ಕುಣಿಯತೊಡಗಿತು. ಹೊರಗೆ ಬಂದವರೇ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ‘ಜೀನ್ ಬಗ್ಗೆ ಡಾಕ್ಟರೇಟ್ ಮಾಡಿದೋಳು ನೀನು! ಬ್ರೆಡ್ ಮಾಮನ ಉಬ್ಬಸ ನಿಂಗೆ ಹೇಗೆ ಬರುತ್ತೆ? ಹಿಟ್ಟಿನ ಧೂಳಿಂದ ಬಂದಿದ್ದು ಅದು!’ ಆಗ ನನಗೆ ತಲೆಯ ಮೇಲೆ ಹೊಡೆದ ಹಾಗಾಯಿತು. ಹೌದಲ್ಲ! ವಾಪಸು ಹೋಗಿ ಡಾಕ್ಟರಮ್ಮನಿಗೆ ತಿದ್ದಿ ಹೇಳಿದೆ. ಅವರು ನನ್ನ ಕಸುಬೇನು ಎಂದು ಕೇಳಿದರು. ನಾನು ಹೇಳಲಿಲ್ಲ, ಮನೆಯಲ್ಲೇ ಇರುತ್ತೇನೆ ಎಂದುಬಿಟ್ಟೆ.

‘ನಮ್ಮಪ್ಪ’ ಎಂದೆನಲ್ಲ, ನೀವು ಎಂದೂ ಕೇಳದ, ನಾನು ಎಂದೂ ಕರೆಯದ ಹೆಸರು ಅದು. ಅಂದು ಯೋಚಿಸಿ ಹೇಳಿದ್ದಲ್ಲ, ಮಾಮ, ಅದಕ್ಕೇ ನನಗೆ ಅದು ಮುಖ್ಯವೆನಿಸಿತು. ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ, ನನ್ನಲ್ಲಿ ಯಾವುದು ಯಾರದು ಎಂದು ಬಿಡಿಸಿ ನೋಡಿದೆ. ಹಲ್ಲುಗಳ ನಡುವಿನ ಸಂದಿ ಅಪ್ಪನದು, ಫೋಟೋದಲ್ಲೇ ಕಾಣುತ್ತದೆ. ಎಡಗೈಯಲ್ಲಿ ಬರೆಯುವುದೂ ಅವರದೇ. ಒರಟು ಕೂದಲು ಅಮ್ಮನದು. ಆದರೆ ಯಾವ ವಸ್ತು ಕೈಗೆ ಬಂದರೂ ಮೊದಲು ಮೂಸಿ ನೋಡುವುದು ಯಾರದು? ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆ ಬಾರದೇ ಇರುವುದು ಯಾರದು? ಸಿಟ್ಟು ಬಂದಾಗ ಮಾತು ಬಿಟ್ಟು ಏನನ್ನಾದರೂ ನಾದುತ್ತ ನಿಲ್ಲುವುದು? ಮತ್ತೆ ಆ ತಟ್ಟುವುದು! ಒಲೆಯಿಂದ ತೆಗೆದ ಬ್ರೆಡ್ಡನ್ನು ತಿರುಗಿಸಿ, ಮಡಿಸಿದ ಬೆರಳಿನಿಂದ ಅದರ ತಳಕ್ಕೆ ಎರಡು ಸಲ ತಟ್ಟಿ, ಕಿವಿಗೊಟ್ಟು, ‘ಬೆಂದಿದೆ’ ಅಥವಾ ‘ಇನ್ನೂ ಇಲ್ಲ’ ಎಂದು ನೀವು ಹೇಳುತ್ತಿದ್ದಿರಲ್ಲ, ಅದನ್ನು ನಾನು ಪ್ರಪಂಚದ ಎಲ್ಲ ವಸ್ತುಗಳ ಮೇಲೂ ಮಾಡುತ್ತೇನೆ. ಲ್ಯಾಬಿನ ಬಾಟಲಿ, ಅಂಗಡಿಯ ಕುಂಬಳಕಾಯಿ, ಹೊಸ ಕಪಾಟಿನ ಬಾಗಿಲು. ಜರಡಿ ಮೇಡಂ ಒಂದು ದಿನ ‘ಬಾಟಲಿ ಉತ್ತರ ಕೊಡ್ತಾ?’ ಎಂದು ಕೇಳಿದರು. ಇದನ್ನು ನೀವು ನನಗೆ ಕೂರಿಸಿಕೊಂಡು ಕಲಿಸಿದವರಲ್ಲ. ಪಕ್ಕದಲ್ಲಿ ಸಕ್ಕರೆ ಮೂಟೆಯ ಮೇಲೆ ಕೂತಿದ್ದೆ, ದಾಟಿತು. ನಿಮ್ಮ ಪ್ರಶ್ನೆಯನ್ನೇ ಈಗ ನಿಮಗೆ ಕೇಳುತ್ತೇನೆ, ನಾನು ಕದ್ದೆನೇ, ನೀವು ಕೊಟ್ಟಿರೇ?

ವಿಷದ ಜೀನಿಗೆ ನನ್ನನ್ನು ಹೋಲಿಸಿದೆಯಾ ಎಂದು ಮುನಿಸಿಕೊಳ್ಳಬೇಡಿ. ಹೋಲಿಕೆ ಕುಂಟುತ್ತದೆ ಎಂದು ನನಗೂ ಗೊತ್ತು, ನಿಮ್ಮ ಬ್ರೆಡ್ ತಿಂದು ಯಾರೂ ಸತ್ತಿಲ್ಲ. ಅಮ್ಮನ ಹುಟ್ಟುಹಬ್ಬಕ್ಕೆ ಮಾಡಿದ ಆ ಇಟ್ಟಿಗೆಯಂಥ ಕೇಕನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ನಾನು ಹೇಳಬೇಕಾದದ್ದು ಇಷ್ಟು. ಆ ಜೀನ್ ಹಳದಿಗೆ ಬದಿಯಿಂದ ಬಂದದ್ದು ಒಂದು ಸಲ ಮಾತ್ರ. ಅಲ್ಲಿಂದ ಈಚೆಗೆ ಅದು ಎಲ್ಲ ಜೀನ್‌ಗಳ ಹಾಗೆ ಮೇಲಿನಿಂದ ಕೆಳಕ್ಕೆ, ತಾಯಿಯಿಂದ ಮಕ್ಕಳಿಗೆ ಇಳಿದಿದೆ. ಇವತ್ತು ಹುಟ್ಟುವ ಹಳದಿಯ ಮರಿಗೆ ಅದು ಪಿತ್ರಾರ್ಜಿತವೇ, ಹೊರಗಿನದು ಅಲ್ಲ. ಅದನ್ನು ಕತ್ತರಿಸಿ ತೆಗೆದು ನೋಡಿದೆವು ನಾವು. ಹಳದಿ ಸಾಯಲಿಲ್ಲ. ಎಲೆಯ ಮೇಲೆ ಸುಮ್ಮನೆ ಕೂತಿತ್ತು, ಒಂದು ಚುಕ್ಕೆಯನ್ನೂ ಮೂಡಿಸದೆ. ನಿಮ್ಮ ಚೀಟಿ ಓದಿದ ಮೇಲೆ ನಾನು ಲ್ಯಾಬಿನಲ್ಲಿ ಚುಕ್ಕೆಯಿಲ್ಲದ ಆ ಎಲೆಯನ್ನು ಬಹಳ ಹೊತ್ತು ನೋಡಿದೆ. ಬದಿಯಿಂದ ಬಂದವರು ನೀವು, ಒಪ್ಪಿದೆ. ಆದರೆ ಅದು ನನ್ನ ಮಟ್ಟಿಗೆ. ಈ ಹೊಟ್ಟೆಯಲ್ಲಿರುವವಳಿಗೋ ಇರುವವನಿಗೋ ನೀವು ನೇರ ಮೇಲಿನಿಂದಲೇ ಇಳಿದು ಬರುತ್ತೀರಿ, ನನ್ನ ಮೂಲಕ. ಈಗಾಗಲೇ ಸಂಜೆ ಹೊತ್ತು ಒಳಗಿನಿಂದ ಎರಡೆರಡು ಸಲ ತಟ್ಟುವುದು ನಡೆದಿದೆ. ನಿಮ್ಮ ಅಳಿಯ ಅದನ್ನು ಒದೆತ ಎನ್ನುತ್ತಾರೆ. ಅವರಿಗೇನು ಗೊತ್ತು.

ಮನೆಯ ಸುದ್ದಿ ಹೆಚ್ಚೇನಿಲ್ಲ. ನಿಮ್ಮ ಬೇಕರಿ ಇದ್ದ ಮೂಲೆಯಲ್ಲಿ ಈಗ ಕ್ಷೌರದಂಗಡಿ ಬಂದಿದೆ, ಒಲೆ ಒಡೆದ ಜಾಗದಲ್ಲಿ ದೊಡ್ಡ ಕನ್ನಡಿ ಹಾಕಿದ್ದಾರೆ. ಮಳೆ ಬಂದ ದಿನ ಆ ಗೋಡೆ ಈಗಲೂ ಸುಟ್ಟ ಹಿಟ್ಟಿನ ವಾಸನೆ ಹೊಡೆಯುತ್ತದಂತೆ, ಕ್ಷೌರಿಕ ಬಂದವರಿಗೆಲ್ಲ ಹೇಳಿ ಬೇಸರಪಡುತ್ತಾನೆ. ನಾನು ಆ ದಿನ ಬೇಕೆಂದೇ ಅಲ್ಲಿ ಕೊಡೆ ಮಡಿಸಿ ನಿಲ್ಲುತ್ತೇನೆ. ಅಮ್ಮನ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟಿದ್ದೇನೆ. ನಿಮ್ಮ ಕೋಣೆಯಲ್ಲಿ ಏನೂ ಬದಲಾಗಿಲ್ಲ. ಮಗುವಿನ ತೊಟ್ಟಿಲು ನಮ್ಮ ಕೋಣೆಯಲ್ಲೇ ಹಿಡಿಸುತ್ತದೆ, ಅಳಿಯ ಅಳತೆ ಹಿಡಿದು ನೋಡಿಯಾಗಿದೆ, ಆದ್ದರಿಂದ ‘ರೂಮು ಬೇಕಾಗುತ್ತೆ’ ಎಂಬ ನಿಮ್ಮ ನೆಪ ನಡೆಯುವುದಿಲ್ಲ. ಬನ್ನಿ ಎಂದು ಬಲವಂತ ಮಾಡುವುದಿಲ್ಲ. ನಿಮ್ಮ ಹಠ ನನಗೆ ಗೊತ್ತು, ನನ್ನಲ್ಲೂ ಅದೇ ಇದೆ, ಅದೂ ಆ ಮೂಟೆಯ ಮೇಲೆ ಕೂತಾಗಲೇ ದಾಟಿದ್ದಿರಬೇಕು. ಹೆರಿಗೆಯ ಹೊತ್ತಿಗೆ ನೀವು ಇಲ್ಲಿದ್ದರೆ ನನಗೆ ಧೈರ್ಯ. ಅಮ್ಮ ಇಲ್ಲ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ, ಬೆಕ್ಕಿಗೆ ನನ್ನ ಎಚ್ಚರಿಕೆಯನ್ನೂ ತಿಳಿಸಿ. ನಿಮ್ಮ ಅಳಿಯ ನಮಸ್ಕಾರ ಹೇಳಿದ್ದಾರೆ. ನರ್ಸಮ್ಮ ನಿಮ್ಮ ಹುಳಿ ಹಿಟ್ಟಿನ ಬಗ್ಗೆ ಬಹಳ ಹೇಳಿಕೊಳ್ಳುತ್ತಿದ್ದಾರೆ, ಅದು ತಮ್ಮ ಮಾತು ಕೇಳಿ ಉಬ್ಬುತ್ತದೆಯಂತೆ. ಕಣ್ಣಿಗೆ ಹನಿ, ಎದೆಗೆ ಪಂಪು, ತಲೆಗೆ ಟೋಪಿ, ಮೂರನ್ನೂ ಮರೆಯಬೇಡಿ. ಅಮ್ಮ ಇದ್ದಿದ್ದರೆ ಇದನ್ನೇ ಇನ್ನೂ ಜೋರಾಗಿ ಹೇಳುತ್ತಿದ್ದಳು.

ನಿಮ್ಮ ಆಶೀರ್ವಾದ ಬೇಡುವ,
ನಿಮ್ಮ
ಇರುವೆ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದು ಬರೆಯುತ್ತಿದ್ದೇನೆ, ಕೀಲಿಯ ವಿಷಯವನ್ನೇ ಬಿಟ್ಟಿದ್ದೆ. ಬುಧವಾರ ಅದನ್ನು ಮುಂಬಾಗಿಲಿಗೆ ಹಾಕಿ ನೋಡಿದೆ, ತಿರುಗಲಿಲ್ಲ. ಹಿಂಬಾಗಿಲಿಗೂ ಇಲ್ಲ. ಬೀಗ ಕೆಟ್ಟಿದೆ ಎಂದು ಅಳಿಯ ಎಣ್ಣೆ ತಂದರು. ಬೆಳಕಿಗೆ ಹಿಡಿದು ನೋಡಿದಾಗ ಹಲ್ಲುಗಳ ಸಂದಿಯಲ್ಲಿ ಒಣಗಿದ ಹಿಟ್ಟು ಕಂಡಿತು. ಮಾಮ, ನೀವು ಕಳಿಸಿರುವುದು ಬೇಕರಿಯ ಕೀಲಿ. ಮನೆಯದೂ ಅಂಗಡಿಯದೂ ಒಬ್ಬನೇ ಬೀಗದವನು ಮಾಡಿಕೊಟ್ಟ ಜೋಡಿ, ಪೊರೆ ಬಂದ ಕಣ್ಣಿಗೆ ಎರಡೂ ಒಂದೇ. ಆ ಬಾಗಿಲೂ ಈಗಿಲ್ಲ, ಆ ಬೀಗವೂ ಇಲ್ಲ. ಈ ಮನೆಯ ಕೀಲಿ ಈ ಹೊತ್ತಿಗೂ ನಿಮ್ಮ ಜೇಬಿನಲ್ಲೇ ಇದೆ, ಕೈ ಹಾಕಿ ನೋಡಿ. ಅದನ್ನು ಅಂಚೆಗೆ ಹಾಕಬೇಡಿ. ಮೊಳೆ ಖಾಲಿ ಇದೆ. ಬಂದಾಗ ಬಾಗಿಲು ತಟ್ಟಬೇಡಿ, ತೆಗೆದುಕೊಂಡು ಒಳಗೆ ಬನ್ನಿ.